ಹೆಡ್‌ಫೋನಿಗೊಂದು ಹೊರಗಿನ ಸೌಂಡ್ ಕಾರ್ಡು: ಸಂಗೀತಪ್ರಿಯರಿಗೆ ನಾಲ್ಕು ಮಾತು

ನಿವೃತ್ತಿಯ ನಂತರ ನಮ್ಮಂಥವರ ಪಾಲಿಗೆ ಬರುವ ನಿಜವಾದ ಸಂಪತ್ತೆಂದರೆ ಬಿಡುವು. ಆ ಬಿಡುವನ್ನು ಕೆಲವರು ಓದಿಗೆ, ಕೆಲವರು ಹೊಲಮನೆಗೆ, ಇನ್ನು ಕೆಲವರು ಸಂಗೀತ ಕೇಳುವುದಕ್ಕೆ ಮೀಸಲಿಡುತ್ತಾರೆ. ನಾನು ಮೂರನೆಯ ಗುಂಪಿಗೆ ಸೇರಿದವನು. ಆದರೆ ಮನೆಯಲ್ಲಿ ಒಬ್ಬರಿಗೆ ಮಾಲಕಂಸ ಬೇಕಾದಾಗ ಇನ್ನೊಬ್ಬರಿಗೆ ಧಾರಾವಾಹಿ ಬೇಕಾಗಿರುತ್ತದೆ, ಮೂರನೆಯವರಿಗೆ ಪರೀಕ್ಷೆ ಇರುತ್ತದೆ. ಹೀಗಾಗಿ ವಯಸ್ಸಾದವರ ಸಂಗೀತ ಈಗ ಬಹುಮಟ್ಟಿಗೆ ಹೆಡ್‌ಫೋನಿನ ಸಂಗೀತವೇ ಆಗಿದೆ. ಹಗಲಿಡೀ ಪ್ರವಾಸಿಗರಿಂದ ತುಂಬಿರುವ ನಮ್ಮ ಐಹೊಳೆಯೂ ರಾತ್ರಿಯಾದೊಡನೆ ಮೌನವಾಗುತ್ತದೆ. ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನೆಂಬ ಕಾರಣಕ್ಕೆ ಹಳೆಯ ಸಹೋದ್ಯೋಗಿಗಳೂ ಶಿಷ್ಯರೂ ಇತ್ತೀಚೆಗೆ ಮೇಲಿಂದ ಮೇಲೆ ಒಂದು ಪ್ರಶ್ನೆ ಕೇಳುತ್ತಾರೆ: ಹೆಡ್‌ಫೋನಿನಲ್ಲಿ ಚೆನ್ನಾಗಿ ಕೇಳಲು ಹೊರಗಿನಿಂದ ಜೋಡಿಸುವ ಸೌಂಡ್ ಕಾರ್ಡ್ ಕೊಳ್ಳಬೇಕೆ? ಕೊಳ್ಳುವುದಾದರೆ ಯಾವುದನ್ನು? ಒಂದೆರಡು ಸಾವಿರ ರೂಪಾಯಿಯಿಂದ ಹಿಡಿದು ಲಕ್ಷ ದಾಟುವವರೆಗೂ ಈ ಉಪಕರಣಗಳಿವೆ. ಪಿಂಚಣಿಯ ಹಣದಲ್ಲಿ ಬದುಕುವವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸೌಂಡ್ ಕಾರ್ಡಿನಿಂದ ನಾವು ಪಡೆಯಬೇಕಾದುದು ನಿಶ್ಶಬ್ದ. ಡಬ್ಬಿಯ ಮೇಲೆ ಅಚ್ಚಾಗಿರುವ ದೊಡ್ಡ ದೊಡ್ಡ ಅಂಕಿಗಳಿಗೆ ಹಣ ಕೊಡುವುದು ವ್ಯರ್ಥ. ಹೀಗೇಕೆ ಹೇಳುತ್ತೇನೆಂಬುದನ್ನು ವಿವರಿಸುವುದೇ ಈ ಬರಹದ ಉದ್ದೇಶ.

ನಮ್ಮ ಸಂಗೀತ ಯಾವುದು?

ಉಪಕರಣಕ್ಕಿಂತ ಮೊದಲು ಅದರಲ್ಲಿ ಕೇಳುವುದೇನು ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು. ಅಲ್ಲಿಂದ ಮುಂದೆ ಎರಡು ಮೂರು ತಲೆಮಾರಿನ ಕಿವಿಗಳನ್ನು ಬೆಳೆಸಿದ್ದು ಆ ನಿಲಯವೇ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು, ಗದಗಿನಲ್ಲಿ ಹುಟ್ಟಿದ ಭೀಮಸೇನ ಜೋಶಿ, ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವ ಇವರೆಲ್ಲ ಇಂದು ನಮ್ಮೊಡನಿಲ್ಲ. ಉಳಿದಿರುವುದು ಅವರ ಧ್ವನಿಮುದ್ರಣಗಳು ಮಾತ್ರ. ನಮ್ಮ ಜಿಲ್ಲೆಯ ಬೀಳಗಿಯಲ್ಲಿಯೇ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರು 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಅವರ ಕಂಠವೂ ಹಳೆಯ 78 ಆರ್‌ಪಿಎಂ ತಟ್ಟೆಗಳ ಮೂಲಕವೇ ನಮ್ಮವರೆಗೆ ಬಂದಿದೆ.

ಈ ಸಂಗೀತದ ಲಕ್ಷಣವನ್ನು ಗಮನಿಸಿರಿ. ಒಂದು ಕಂಠ, ಎರಡು ತಂಬೂರಿ, ಒಂದು ಪೇಟಿ ಅಥವಾ ಸಾರಂಗಿ, ಒಂದು ತಬಲಾ. ಆಲಾಪದ ನಡುವೆ ಗಾಯಕರು ಉಸಿರಿಗಾಗಿ ನಿಂತಾಗ ತಂಬೂರಿಯೊಂದೇ ಉಳಿಯುತ್ತದೆ. ಕುದುರೆಯ ಮೇಲೆ ತಂತಿಯ ಕೆಳಗಿಟ್ಟ ದಾರದ ಎಳೆಯಿಂದ ಹುಟ್ಟುವ ಆ ಝೇಂಕಾರ ಬಹು ಸೂಕ್ಷ್ಮವಾದುದು. ಕುಮಾರ ಗಂಧರ್ವರು ತಂಬೂರಿಗಳನ್ನು ಶ್ರುತಿ ಮಾಡುತ್ತಿದ್ದ ಶ್ರದ್ಧೆ ಸಂಗೀತಲೋಕದಲ್ಲಿ ಪ್ರಸಿದ್ಧ. ಅವರ ಗಾಯನದಲ್ಲಿ ನಿಲುಗಡೆಗೂ ಸ್ವರದಷ್ಟೇ ಬೆಲೆ. ಆ ನಿಲುಗಡೆಯಲ್ಲಿ ತಂಬೂರಿಯ ಬದಲು ಯಂತ್ರದ ‘ಸುಂಯ್’ ಎಂಬ ಸದ್ದು ಕೇಳಿಸಿದರೆ ನಾವು ಅರ್ಧ ಸಂಗೀತವನ್ನು ಕಳೆದುಕೊಂಡಂತೆಯೇ ಸರಿ. ಅಬ್ಬರದ ಚಿತ್ರಗೀತೆಯಲ್ಲಿ ಈ ಸದ್ದು ಮುಚ್ಚಿಹೋಗುತ್ತದೆ. ಖ್ಯಾಲಿನಲ್ಲಿ ಮುಚ್ಚಿಹೋಗದು.

ಇಳಕಲ್ಲಿನ ಕೊಂಡಿ

ಸೌಂಡ್ ಕಾರ್ಡ್ ಮಾಡುವ ಕೆಲಸವೇನು? ಕಂಪ್ಯೂಟರಿನಲ್ಲಾಗಲಿ ಫೋನಿನಲ್ಲಾಗಲಿ ಸಂಗೀತವಿರುವುದು ಅಂಕಿಗಳ ರೂಪದಲ್ಲಿ. ಹೆಡ್‌ಫೋನಿನ ಪರದೆ ಅಲುಗಾಡಬೇಕಾದರೆ ಬೇಕಾದುದು ಏರಿಳಿಯುವ ವಿದ್ಯುತ್ತು. ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸುವ ಭಾಗಕ್ಕೆ ಡ್ಯಾಕ್ ಎನ್ನುತ್ತಾರೆ. ಆ ಅಲೆಗೆ ಹೆಡ್‌ಫೋನನ್ನು ನಡೆಸುವಷ್ಟು ಬಲ ಕೊಡುವುದು ಆಂಪ್ಲಿಫೈಯರ್. ಈ ಎರಡೂ ಸೇರಿದ ಚಿಕ್ಕ ಪೆಟ್ಟಿಗೆಯೇ ನಾವು ಮಾತನಾಡುತ್ತಿರುವ ಹೊರಗಿನ ಸೌಂಡ್ ಕಾರ್ಡ್.

ಇಳಕಲ್ಲ ಸೀರೆಯ ನೇಯ್ಗೆಯನ್ನು ಕಂಡವರಿಗೆ ಇದನ್ನು ಸುಲಭವಾಗಿ ತಿಳಿಸಬಹುದು. ಅಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಬೆಸೆಯುವ ಕ್ರಮಕ್ಕೆ ಕೊಂಡಿ ಎಂದು ಹೆಸರು. ಕೊಂಡಿ ಹಾಕಿದ ಜಾಗ ಕಣ್ಣಿಗೆ ಕುಕ್ಕಬಾರದು, ಒಂದೆಳೆಯೂ ತಪ್ಪಬಾರದು. ಸೌಂಡ್ ಕಾರ್ಡ್ ಕೂಡ ಅಂಕಿಗಳ ಹಾಸನ್ನು ನಾದದ ಹಾಸಿಗೆ ಬೆಸೆಯುವ ಕೊಂಡಿ. ಅದು ತನ್ನದೇನನ್ನೂ ಸೇರಿಸಬಾರದು, ಇದ್ದುದನ್ನು ಕಳೆಯಬಾರದು. ‘ಇದು ಸಂಗೀತಕ್ಕೆ ಮಾಧುರ್ಯ ತುಂಬುತ್ತದೆ’ ಎಂದು ಯಾರಾದರೂ ಹೊಗಳಿದರೆ ನನಗೆ ಅನುಮಾನ ಹುಟ್ಟುವುದು ಈ ಕಾರಣಕ್ಕೇ. ಮಾಧುರ್ಯವನ್ನು ಮನಸೂರರು ಆಗಲೇ ತುಂಬಿಟ್ಟಿದ್ದಾರೆ.

ಎಲ್ಲರಿಗೂ ಬೇಕೆ?

ಬೇಡ. ಪ್ರತಿಯೊಂದು ಲ್ಯಾಪ್‌ಟಾಪಿನಲ್ಲಿಯೂ ಫೋನಿನಲ್ಲಿಯೂ ಇಂಥದೊಂದು ಭಾಗ ಒಳಗೇ ಇದೆ. ಸಿಂಗಪುರದ ಕ್ರಿಯೇಟಿವ್ ಸಂಸ್ಥೆ 1989ರಲ್ಲಿ ಸೌಂಡ್ ಬ್ಲಾಸ್ಟರ್ ಹೊರತಂದಾಗ ಕಂಪ್ಯೂಟರಿಗೆ ಹಾಡು ಕಲಿಸಲು ಬೇರೆಯ ಕಾರ್ಡು ಅಗತ್ಯವಾಗಿತ್ತು. ಇಂದು ಹಾಗಿಲ್ಲ. ಆದರೆ ಒಳಗಿನ ಆ ಭಾಗ ಪ್ರೊಸೆಸರ್, ಫ್ಯಾನು, ವೈಫೈ ಇವುಗಳ ನೆರೆಯಲ್ಲಿಯೇ ಕುಳಿತಿರುತ್ತದೆ. ಅವುಗಳ ವಿದ್ಯುತ್ ಗದ್ದಲ ಕೆಲವು ಯಂತ್ರಗಳಲ್ಲಿ ಸಂಗೀತದೊಳಕ್ಕೆ ಸೋರುತ್ತದೆ.

ಪರೀಕ್ಷೆ ಬಹಳ ಸರಳ. ರಾತ್ರಿಯ ಮೌನದಲ್ಲಿ ಹೆಡ್‌ಫೋನ್ ಧರಿಸಿ, ಹಾಡು ಹಚ್ಚದೆ, ನೀವು ನಿತ್ಯ ಕೇಳುವಷ್ಟಕ್ಕೆ ವಾಲ್ಯೂಮ್ ಇಡಿರಿ. ಮೌಸ್ ಅಲುಗಾಡಿಸಿರಿ, ಒಂದು ಕಡತ ತೆರೆಯಿರಿ. ಗುಂಯ್‌ಗುಡುವಿಕೆ, ಚಿರಿಚಿರಿ ಸದ್ದು ಯಾವುದೂ ಇಲ್ಲವೆ? ಅನಂತರ ಒಂದು ವಿಲಂಬಿತ ಖ್ಯಾಲ್ ಕೇಳಿರಿ. ವಾಲ್ಯೂಮ್ ಪೂರ್ತಿ ಏರಿಸದೆಯೇ ಸಾಕಷ್ಟು ಕೇಳಿಸುತ್ತದೆಯೆ? ಎರಡಕ್ಕೂ ಸಮಾಧಾನದ ಉತ್ತರ ಬಂದರೆ ಸೌಂಡ್ ಕಾರ್ಡಿನ ಚಿಂತೆ ಬಿಟ್ಟು ಆ ಹಣದಲ್ಲಿ ಒಳ್ಳೆಯ ಹೆಡ್‌ಫೋನನ್ನೇ ಕೊಳ್ಳಿರಿ. ಕಿವಿಗೆ ತಿಳಿಯುವ ವ್ಯತ್ಯಾಸದ ಬಹುಪಾಲು ಇರುವುದು ಹೆಡ್‌ಫೋನಿನಲ್ಲಿ.

ಲ್ಯಾಪ್‌ಟಾಪಿನಲ್ಲಿ ಗುಂಯ್ ಎಂಬ ಸದ್ದು ಬಂದರೆ ಮೊದಲು ಚಾರ್ಜರ್ ಕಿತ್ತು ನೋಡಬೇಕು. ಸದ್ದು ನಿಂತಿತೆಂದರೆ ದೋಷವಿರುವುದು ಚಾರ್ಜರಿನಲ್ಲಿ ಅಥವಾ ಮನೆಯ ಅರ್ಥಿಂಗ್‌ನಲ್ಲಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿಯಾಗಿರುವುದು ಅಪರೂಪ. ಯುಎಸ್‌ಬಿ ತಂತಿಯ ಮೂಲಕ ಅದೇ ಗದ್ದಲ ಹೊರಗಿನ ಪೆಟ್ಟಿಗೆಗೂ ಹರಿಯಬಲ್ಲದು. ಆದ್ದರಿಂದ ಹತ್ತು ಸಾವಿರದ ಪೆಟ್ಟಿಗೆಗಿಂತ ಮೊದಲು ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್ನನನ್ನು ಕರೆಸುವುದು ಮೇಲು. ಅದು ಸಂಗೀತಕ್ಕೂ ಹಿತ, ಜೀವಕ್ಕೂ ಹಿತ.

ಇನ್ನೊಂದು ಮಾತು. ಬ್ಲೂಟೂತ್ ಹೆಡ್‌ಫೋನ್ ಬಳಸುವವರಿಗೆ ಹೊರಗಿನ ಸೌಂಡ್ ಕಾರ್ಡಿನಿಂದ ಯಾವ ಪ್ರಯೋಜನವೂ ಇಲ್ಲ. ಅದರ ಡ್ಯಾಕ್ ಮತ್ತು ಆಂಪ್ಲಿಫೈಯರ್ ಹೆಡ್‌ಫೋನಿನ ಒಳಗೇ ಇರುತ್ತವೆ. ಇಲ್ಲಿ ಹೇಳುತ್ತಿರುವುದೆಲ್ಲ ತಂತಿಯ ಹೆಡ್‌ಫೋನಿಗೆ ಮಾತ್ರ. ಇಂದಿನ ಅನೇಕ ಫೋನುಗಳಲ್ಲಿ ಹೆಡ್‌ಫೋನ್ ಚುಚ್ಚುವ ತೂತೇ ಇಲ್ಲ. ಆಪಲ್ ಸಂಸ್ಥೆ 2016ರ ಐಫೋನ್ 7ರಲ್ಲಿ ಅದನ್ನು ತೆಗೆದುಹಾಕಿತು, ಉಳಿದವರು ಒಬ್ಬೊಬ್ಬರಾಗಿ ಹಿಂಬಾಲಿಸಿದರು. ಅಂಥ ಫೋನುಳ್ಳವರಿಗೆ ಬೆರಳುದ್ದದ ಒಂದು ಸಣ್ಣ ಡ್ಯಾಕ್ ಅನಿವಾರ್ಯ. ತೀರ ಅಗ್ಗದ ಕೆಲವು ಟೈಪ್-ಸಿ ಕೊಂಡಿಗಳಲ್ಲಿ ಡ್ಯಾಕ್ ಇರುವುದೇ ಇಲ್ಲ, ಬರಿಯ ತಂತಿಯಿರುತ್ತದೆ. ಅವು ಕೆಲವು ಫೋನುಗಳಲ್ಲಿ ಮಾತ್ರ ಕೆಲಸ ಮಾಡುತ್ತವೆ. ಕೊಳ್ಳುವಾಗ ‘ಇದರೊಳಗೆ ಡ್ಯಾಕ್ ಇದೆಯೇ?’ ಎಂದು ಕೇಳಲೇಬೇಕು.

ಅಂಕಿಗಳ ಮಾಯೆ

ಈಚೆಗೆ ಜಿಲ್ಲೆಯ ಒಂದು ಪಟ್ಟಣದ ಅಂಗಡಿಯಲ್ಲಿ ಇಂಥದೊಂದು ಪೆಟ್ಟಿಗೆಯನ್ನು ನೋಡುತ್ತಿದ್ದೆ. ಮಾರುವ ಹುಡುಗ ಉತ್ಸಾಹದಿಂದ ಹೇಳಿದ: “ಸರ್, ಇದು 32 ಬಿಟ್, 384 ಕಿಲೋಹರ್ಟ್ಜ್ ಐತ್ರಿ. ಇದಕ್ಕಿಂತ ಮ್ಯಾಲಿಂದು ನಮ್ಮ ಕಡೆ ಇಲ್ರಿ.”

“ಅದು ಖರೆ. ಇದರ ಔಟ್‌ಪುಟ್ ಇಂಪೀಡೆನ್ಸ್ ಎಷ್ಟೈತಪಾ?”

“ಅದನ್ನ ಡಬ್ಬಿ ಮ್ಯಾಲೆ ಬರದಿಲ್ರಿ ಸರ್.”

“ಹಂಗಾದ್ರ ನನ್ನ ಹೆಡ್‌ಫೋನಿಗೆ ಹೊಂದತೈತೋ ಇಲ್ಲೋ ಹೆಂಗ ತಿಳೀಬೇಕು?”

ಹುಡುಗ ನಕ್ಕು, “ಹಚ್ಚಿ ನೋಡ್ರಿ ಸರ್” ಎಂದ. ಅವನ ಮೊದಲಿನ ಮಾತುಗಳಿಗಿಂತ ಆ ಕಡೆಯ ಮಾತೇ ಹೆಚ್ಚು ಬೆಲೆಯುಳ್ಳದ್ದು.

ಆ ಅಂಕಿಗಳ ಅರ್ಥವನ್ನು ಸ್ವಲ್ಪ ನೋಡೋಣ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್ಟುಗಳಲ್ಲಿ ಬರೆದಿಡುತ್ತಾರೆ. ಒಂದು ಆವೃತ್ತಿಯನ್ನು ಹಿಡಿದಿಡಲು ಅದರ ಎರಡರಷ್ಟು ವೇಗದಲ್ಲಿ ಅಳೆದರೆ ಸಾಕೆಂಬುದು ಗಣಿತದ ಸಿದ್ಧಾಂತ. ಅಂದರೆ ಸಿ.ಡಿ. ಸುಮಾರು 22,000 ಹರ್ಟ್ಜ್‌ವರೆಗಿನ ನಾದವನ್ನು ಹಿಡಿಯುತ್ತದೆ. ಎಳೆಯರ ಕಿವಿಗೂ 20,000ದ ಆಚೆ ಕೇಳಿಸದು. ಅರವತ್ತು ದಾಟಿದ ಅನೇಕರಿಗೆ 12,000ದ ಆಚೆಯದೇ ಕಷ್ಟ. 16 ಬಿಟ್ಟಿನಲ್ಲಿ ಅತಿ ಮೆಲ್ಲನೆಯ ಮತ್ತು ಅತಿ ಜೋರಿನ ಧ್ವನಿಗಳ ನಡುವೆ ಸುಮಾರು 96 ಡೆಸಿಬಲ್ ಅಂತರ ಸಿಗುತ್ತದೆ. ನಮ್ಮ ಮನೆಯ ಕ್ಯಾಸೆಟ್ಟುಗಳು ಇದರ ಹತ್ತಿರಕ್ಕೂ ಬರಲಾರವು. ಅಮೀರಬಾಯಿಯವರ ಕಾಲದ ತಟ್ಟೆಗಳಲ್ಲಿ 10,000 ಹರ್ಟ್ಜ್ ಮೀರಿದ ಸಂಗೀತ ವಿರಳ. ಮುದ್ರಣದಲ್ಲಿಯೇ ಇಲ್ಲದುದನ್ನು 384 ಕಿಲೋಹರ್ಟ್ಜಿನ ಪೆಟ್ಟಿಗೆ ಎಲ್ಲಿಂದ ತಂದುಕೊಟ್ಟೀತು?

ಈ ವಿಷಯದಲ್ಲಿ ಪ್ರಯೋಗಗಳೂ ನಡೆದಿವೆ. ಮೇಯರ್ ಮತ್ತು ಮೊರಾನ್ ಎಂಬ ಇಬ್ಬರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೆಚ್ಚು ದರ್ಜೆಯ ಧ್ವನಿಯನ್ನು ಸಿ.ಡಿ. ಮಟ್ಟಕ್ಕೆ ಇಳಿಸಿ ಕೇಳಿಸಿದಾಗ ಶ್ರೋತೃಗಳು ವ್ಯತ್ಯಾಸವನ್ನು ಗುರುತಿಸಲಾರದೆ ಹೋದರು. 2016ರಲ್ಲಿ ಲಂಡನ್ನಿನ ಜೋಶುವಾ ರೈಸ್ ಅನೇಕ ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿ, ಅಲ್ಪ ಪ್ರಮಾಣದ ಗುರುತಿಸುವಿಕೆ ಇದೆಯೆಂದೂ ತರಬೇತಿ ಪಡೆದವರಲ್ಲಿ ಅದು ಹೆಚ್ಚೆಂದೂ ತೋರಿಸಿದರು. ಎರಡನ್ನೂ ಗೌರವಿಸೋಣ. ಆದರೆ ಪಳಗಿದ ಕಿವಿಗೇ ಅಲ್ಪವಾಗಿ ತಿಳಿಯುವ ವ್ಯತ್ಯಾಸಕ್ಕಾಗಿ ನಾವು ಪಿಂಚಣಿಯನ್ನು ಸುರಿಯಬೇಕಾಗಿಲ್ಲ. 24 ಬಿಟ್, 192 ಕಿಲೋಹರ್ಟ್ಜಿನ ಕಡತಕ್ಕೆ ಸಿ.ಡಿ. ದರ್ಜೆಯ ಕಡತದ ಸುಮಾರು ಆರೂವರೆ ಪಟ್ಟು ಜಾಗ ಬೇಕು (ಒತ್ತಿ ಚಿಕ್ಕದು ಮಾಡದಿದ್ದಲ್ಲಿ), ಆ ಖರ್ಚು ಬೇರೆ.

ಹಾಗಾದರೆ ನೋಡಬೇಕಾದುದೇನು?

ಮೊದಲನೆಯದು, ಆಗಲೇ ಹೇಳಿದ ನಿಶ್ಶಬ್ದ. ಕೊಳ್ಳುವ ಮುನ್ನ ನಿಮ್ಮದೇ ಹೆಡ್‌ಫೋನನ್ನು ಜೋಡಿಸಿ, ಹಾಡು ಹಚ್ಚದೆ ಕೇಳಿರಿ. ಕಿವಿಯೊಳಗೆ ಇಡುವ ಚಿಕ್ಕ ಇಯರ್‌ಫೋನುಗಳು ಬಹು ಸೂಕ್ಷ್ಮ, ಅವುಗಳಲ್ಲಿ ಸಣ್ಣ ಸರಸರ ಸದ್ದೂ ಸಿಕ್ಕಿಬೀಳುತ್ತದೆ.

ಎರಡನೆಯದು, ಔಟ್‌ಪುಟ್ ಇಂಪೀಡೆನ್ಸ್. ಹತ್ತನೆಯ ತರಗತಿಯಲ್ಲಿ ಕಲಿತ ಓಮನ ನಿಯಮವನ್ನು ನೆನಪಿಸಿಕೊಳ್ಳಿರಿ. ಹೆಡ್‌ಫೋನಿನ ರೋಧ ಎಲ್ಲ ಆವೃತ್ತಿಗಳಲ್ಲಿ ಒಂದೇ ಸಮನಾಗಿರುವುದಿಲ್ಲ. 32 ಓಮ್ ಎಂದು ಬರೆದಿರುವ ಒಂದು ಹೆಡ್‌ಫೋನ್ ಮಂದ್ರದ ಒಂದು ಜಾಗದಲ್ಲಿ 64 ಓಮಿಗೆ ಏರುತ್ತದೆಂದು ಭಾವಿಸೋಣ. ಸೌಂಡ್ ಕಾರ್ಡಿನ ಸ್ವಂತ ರೋಧ 10 ಓಮ್ ಆಗಿದ್ದರೆ, ವೋಲ್ಟೇಜಿನ ಹಂಚಿಕೆಯಿಂದಾಗಿ ಆ ಮಂದ್ರ ಭಾಗ ಒಂದು ಡೆಸಿಬಲ್‌ಗಿಂತ ಸ್ವಲ್ಪ ಹೆಚ್ಚು ಉಬ್ಬುತ್ತದೆ. ತಬಲಾದ ಡಗ್ಗಾ ಇರಬೇಕಾದುದಕ್ಕಿಂತ ಕೊಬ್ಬಿದಂತೆ ಕೇಳಿಸುತ್ತದೆ. ಅದೇ ರೋಧ 1 ಓಮ್ ಆಗಿದ್ದರೆ ಉಬ್ಬು 0.13 ಡೆಸಿಬಲ್ ಮಾತ್ರ, ಅದು ಕಿವಿಗೆ ತಿಳಿಯದು. ಬಲ್ಲವರು ಬಳಸುವ ಸೂತ್ರವಿಷ್ಟು: ಕಾರ್ಡಿನ ರೋಧ ಹೆಡ್‌ಫೋನಿನ ರೋಧದ ಎಂಟನೆಯ ಒಂದು ಭಾಗಕ್ಕಿಂತ ಕಡಿಮೆಯಿರಬೇಕು. 32 ಓಮಿನ ಹೆಡ್‌ಫೋನಿಗೆ 4 ಓಮಿನೊಳಗೆ. ಒಂದೆರಡು ಓಮ್ ಇದ್ದರಂತೂ ಯಾವ ಹೆಡ್‌ಫೋನಿಗೂ ಚಿಂತೆಯಿಲ್ಲ.

ಮೂರನೆಯದು, ಬಲ. ಶಕ್ತಿಯೆಂದರೆ ವೋಲ್ಟಿನ ವರ್ಗವನ್ನು ರೋಧದಿಂದ ಭಾಗಿಸಿದ್ದು. ಒಂದು ವೋಲ್ಟ್ ಕೊಡುವ ಸಣ್ಣ ಡ್ಯಾಕ್ 32 ಓಮಿನ ಹೆಡ್‌ಫೋನಿಗೆ 31 ಮಿಲಿವ್ಯಾಟ್ ಕೊಡುತ್ತದೆ. ಸಾಮಾನ್ಯ ಹೆಡ್‌ಫೋನಿಗೆ ಅದು ಧಾರಾಳವಾಯಿತು. 300 ಓಮಿನ ಹೆಡ್‌ಫೋನಿಗೆ ಅದೇ ಒಂದು ವೋಲ್ಟ್ ಕೊಡುವುದು 3.3 ಮಿಲಿವ್ಯಾಟ್ ಮಾತ್ರ. ಹಳೆಯ ಮುದ್ರಣಗಳ ಧ್ವನಿಮಟ್ಟ ಹೇಗೂ ಕಡಿಮೆ, ಅಲ್ಲಿ ಇದು ಸಾಲದೆ ಬರಬಹುದು. ಅಂಥವರು ಎರಡು ವೋಲ್ಟ್ ಕೊಡುವುದನ್ನು ನೋಡಬೇಕು, ಆಗ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಹೆಡ್‌ಫೋನನ್ನು ಮೊದಲು ನಿಶ್ಚಯಿಸಿ, ಕಾರ್ಡನ್ನು ಆಮೇಲೆ ಆರಿಸುವುದೇ ಸರಿಯಾದ ಕ್ರಮ.

ನಾಲ್ಕನೆಯದು, ಆಯುಷ್ಯ. ಯುಎಸ್‌ಬಿಗೆ ಚುಚ್ಚಿದೊಡನೆ, ಬೇರೆ ಯಾವ ತಂತ್ರಾಂಶವನ್ನೂ ಬೇಡದೆ ಹಾಡುವ ಕಾರ್ಡನ್ನೇ ಆರಿಸಿರಿ. ತಯಾರಕರು ತಮ್ಮದೇ ಡ್ರೈವರ್ ಕೊಟ್ಟು, ನಾಲ್ಕು ವರ್ಷಕ್ಕೆ ಅದನ್ನು ನವೀಕರಿಸುವುದನ್ನು ನಿಲ್ಲಿಸಿದರೆ ಹೊಸ ಕಂಪ್ಯೂಟರಿನ ಮುಂದೆ ನಿಮ್ಮ ಪೆಟ್ಟಿಗೆ ಮೂಕವಾಗುತ್ತದೆ. ಹಳ್ಳಿಯಲ್ಲಿರುವ ನಮಗೆ ಅದನ್ನು ಸರಿಪಡಿಸಿಕೊಡುವವರು ಸಿಗುವುದು ಕಷ್ಟ.

ಐದನೆಯದನ್ನು ನಾನು ವಿಶೇಷವಾಗಿ ಒತ್ತಿ ಹೇಳಬಯಸುತ್ತೇನೆ. ಸಾಧ್ಯವಾದರೆ ಲೈನ್-ಇನ್ ಇರುವ ಕಾರ್ಡನ್ನು ಕೊಳ್ಳಿರಿ. ಇದು ಹೊರಗಿನ ಧ್ವನಿಯನ್ನು ಕಂಪ್ಯೂಟರಿನೊಳಕ್ಕೆ ತೆಗೆದುಕೊಳ್ಳುವ ದ್ವಾರ. ಮೈಕಿನ ದ್ವಾರ ಬೇರೆ, ಇದು ಬೇರೆ. ನಮ್ಮ ಭಾಗದ ಎಷ್ಟೋ ಮನೆಗಳ ಅಟ್ಟದ ಮೇಲೆ, ರೇಡಿಯೋದಿಂದ ಇಳಿಸಿಕೊಂಡ ಕಛೇರಿಗಳು, ಊರಿನ ಜಾತ್ರೆಯ ಭಜನೆ, ಹಂತಿಯ ಪದ, ತೀರಿಹೋದ ತಾಯಂದಿರ ಸೋಬಾನೆ ಇವೆಲ್ಲ ಕ್ಯಾಸೆಟ್ಟುಗಳಲ್ಲಿ ಬೂಷ್ಟು ಹಿಡಿಯುತ್ತಿವೆ. ಮನಸೂರರ ಮುದ್ರಣಗಳನ್ನು ಕಂಪನಿಗಳು ಕಾಪಾಡಿಯಾವು, ನಿಮ್ಮ ತಾಯಿಯ ಸೋಬಾನೆ ಪದವನ್ನು ಕಾಪಾಡುವವರು ನೀವೊಬ್ಬರೇ. ಓಡುವ ಒಂದು ಟೇಪ್ ರೆಕಾರ್ಡರ್, ಲೈನ್-ಇನ್ ಇರುವ ಒಂದು ಕಾರ್ಡು, ಉಚಿತವಾಗಿ ದೊರೆಯುವ ಅಡಾಸಿಟಿ ತಂತ್ರಾಂಶ ಇಷ್ಟಿದ್ದರೆ ಕೆಲಸ ನಡೆಯುತ್ತದೆ. ಸಿ.ಡಿ.ಯ ದರ್ಜೆಯೇ ಅದಕ್ಕೆ ಸಾಕು. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯ ಕಾಲ ಬೇಕೇ ಬೇಕು. ಬಿಡುವಿನ ಸಂಪತ್ತನ್ನು ಇದಕ್ಕಿಂತ ಸಾರ್ಥಕವಾಗಿ ಖರ್ಚು ಮಾಡುವ ದಾರಿ ನನಗೆ ತೋರದು.

ಹೋಲಿಸುವುದು ಹೇಗೆ?

ಎರಡು ಉಪಕರಣಗಳನ್ನು ಹೋಲಿಸುವಾಗ ಮನಸ್ಸು ನಮ್ಮನ್ನು ವಂಚಿಸುತ್ತದೆ. ಯಾವುದು ತುಸು ಜೋರಾಗಿದೆಯೋ ಅದೇ ಉತ್ತಮವೆಂದು ಕಿವಿ ತೀರ್ಪು ಕೊಡುತ್ತದೆ, ಯಾವುದು ದುಬಾರಿಯೋ ಅದರ ಪಕ್ಷಕ್ಕೆ ಬುದ್ಧಿ ವಾಲುತ್ತದೆ. ಹೀಗಾಗಿ ಎರಡರ ಧ್ವನಿಮಟ್ಟವನ್ನೂ ಆದಷ್ಟು ಸಮ ಮಾಡಿ, ಮೊಮ್ಮಕ್ಕಳ ಕೈಗೆ ಬದಲಾಯಿಸುವ ಕೆಲಸ ಕೊಟ್ಟು, ಯಾವುದು ಹಾಡುತ್ತಿದೆಯೆಂದು ಕಣ್ಣು ಮುಚ್ಚಿ ಹೇಳಿರಿ. ಹತ್ತರಲ್ಲಿ ಐದಾರು ಬಾರಿ ಮಾತ್ರ ಸರಿಯಾದರೆ ಅದು ನಾಣ್ಯ ಚಿಮ್ಮಿದಂತೆಯೇ, ಅಗ್ಗದ್ದನ್ನು ಉಳಿಸಿಕೊಂಡು ದುಬಾರಿಯದನ್ನು ಹಿಂದಿರುಗಿಸಿರಿ. ಮಕ್ಕಳಿಗೂ ಇದೊಂದು ಒಳ್ಳೆಯ ವಿಜ್ಞಾನದ ಪಾಠ.

ಕೊನೆಗೆ ಕಿವಿಯ ಮಾತು

ಒಳ್ಳೆಯ ಸೌಂಡ್ ಕಾರ್ಡಿನ ಜೊತೆಗೆ ಒಂದು ಅಪಾಯವೂ ಮನೆಗೆ ಬರುತ್ತದೆ. ಅದು ಜೋರಾಗಿ ಹಾಡಿದರೂ ಒಡೆಯುವುದಿಲ್ಲ, ಆದ್ದರಿಂದ ಎಷ್ಟು ಜೋರಾಗಿದೆಯೆಂಬುದು ತಿಳಿಯುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾನದಂಡದಂತೆ ವಯಸ್ಕರಿಗೆ ವಾರಕ್ಕೆ 40 ಗಂಟೆ, 80 ಡೆಸಿಬಲ್ ಮಿತಿ. ಮಕ್ಕಳಿಗೆ 75 ಡೆಸಿಬಲ್. ಮೂರು ಡೆಸಿಬಲ್ ಏರಿದರೆ ಶಕ್ತಿ ಎರಡರಷ್ಟಾಗುತ್ತದೆ, ಕೇಳಬಹುದಾದ ಸಮಯ ಅರ್ಧಕ್ಕಿಳಿಯುತ್ತದೆ. ಕಿವಿಯೊಳಗಿನ ಸೂಕ್ಷ್ಮ ಕೂದಲಿನಂಥ ಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಕಾರ್ಡು ಹಾಳಾದರೆ ಮತ್ತೊಂದು ಕೊಳ್ಳಬಹುದು.

ಹಿನ್ನೆಲೆಯ ಗದ್ದಲ ಕಡಿಮೆಯಾದಷ್ಟೂ ಮೆಲ್ಲಗೆ ಕೇಳುವುದು ಸಾಧ್ಯವಾಗುತ್ತದೆ. ತಂಬೂರಿ ಕೇಳಿಸಲೆಂದು ವಾಲ್ಯೂಮ್ ಏರಿಸಬೇಕಾಗುವುದಿಲ್ಲ. ಹೀಗೆ ನಿಶ್ಶಬ್ದವಾದ ಒಂದು ಸಾಧಾರಣ ಕಾರ್ಡು ಸಂಗೀತವನ್ನೂ ಕಾಯುತ್ತದೆ, ಕಿವಿಯನ್ನೂ ಕಾಯುತ್ತದೆ. ನನ್ನ ಸಲಹೆಯನ್ನು ಕ್ರಮವಾಗಿ ಹೇಳುವುದಾದರೆ ಮೊದಲು ಪರೀಕ್ಷೆ, ಆಮೇಲೆ ಅರ್ಥಿಂಗ್, ಆಮೇಲೆ ಹೆಡ್‌ಫೋನ್, ಕಡೆಗೆ ಅಗತ್ಯ ಕಂಡುಬಂದರೆ ಮಾತ್ರ ಕಡಿಮೆ ರೋಧದ, ಲೈನ್-ಇನ್ ಉಳ್ಳ, ಚುಚ್ಚಿದೊಡನೆ ಹಾಡುವ ಒಂದು ಸರಳ ಪೆಟ್ಟಿಗೆ. ಉಳಿದ ಹಣಕ್ಕೆ ಕೆಲಸವಿದ್ದೇ ಇದೆ: ಮನೆಯ ಟೇಪ್ ರೆಕಾರ್ಡರಿನ ಬೆಲ್ಟ್ ಬದಲಾಯಿಸಿ, ಅಟ್ಟದ ಮೇಲಿನ ಕ್ಯಾಸೆಟ್ಟುಗಳನ್ನು ಈ ಬೇಸಿಗೆಯಲ್ಲಿಯೇ ಕೆಳಗಿಳಿಸಿರಿ.